ಕಾಸಿಗೆ ತಕ್ಕ ಕಜ್ಜಾಯ: ನಗರದ ರಸ್ತೆಗೆ ಕನ್ಸಲ್ಟೆಂಟ್ ಬೇಕು ಸರಿ, ಅವರ ಲೆಕ್ಕ ನೋಡೋರು ಯಾರು?

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಡಿಪಿಆರ್ ಹೊರಬಿದ್ದಾಗ, ಅದರೊಳಗೆ ಮಹಾರಾಷ್ಟ್ರದ ಮಾಲೇಗಾಂವ್, ನಾಸಿಕ್ ಊರುಗಳ ಹೆಸರು ಕಾಣಿಸಿಕೊಂಡಿದ್ದು ನಿಮಗೆ ನೆನಪಿರಬಹುದು. 2025ರ ಆರಂಭದ ಸುದ್ದಿ ಅದು. ಡಿಪಿಆರ್ ಅಂದ್ರೆ ವಿಸ್ತೃತ ಯೋಜನಾ ವರದಿ. ರಸ್ತೆ ಎಲ್ಲಿ ಹೋಗಬೇಕು, ಎಷ್ಟು ಆಳಕ್ಕೆ ಕೊರೆಯಬೇಕು, ಎಷ್ಟು ವಾಹನ ಓಡಾಡುತ್ತವೆ, ಎಷ್ಟು ದುಡ್ಡು ಬೇಕು ಅನ್ನೋದೆಲ್ಲ ತೀರ್ಮಾನವಾಗೋದು ಅದರ ಮೇಲೆ. ಹೆಬ್ಬಾಳದ ಟ್ರಾಫಿಕ್ ಬಗ್ಗೆ ಹೇಳಬೇಕಾದ ಪುಟದಲ್ಲಿ ಮಾಲೇಗಾಂವ್ ಏನು ಮಾಡ್ತಿತ್ತು ಅಂತ ಜನ ಕೇಳಿದರು. ಈ ವರದಿಗೆ ಪಾಲಿಕೆ ಸುಮಾರು 9.5 ಕೋಟಿ ರೂಪಾಯಿ ಖರ್ಚು ಮಾಡಿದೆ ಅನ್ನೋದು ಗೊತ್ತಾದ ಮೇಲಂತೂ ಸೋಷಿಯಲ್ ಮೀಡಿಯಾದಲ್ಲಿ ಮೀಮ್‌ಗಳ ಸುರಿಮಳೆ. 'ಕಾಪಿ ಪೇಸ್ಟ್ ಮಾಡೋಕೆ ಒಂಬತ್ತೂವರೆ ಕೋಟಿನಾ?'

ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ಅಂಕಿಯನ್ನು ಪಕ್ಕದ ಅಂಕಿಯ ಜೊತೆ ಇಟ್ಟು ನೋಡಿ. ಯೋಜನೆಯ ಅಂದಾಜು ವೆಚ್ಚ ಸುಮಾರು 17,700 ಕೋಟಿ. ಅಂದ್ರೆ ಡಿಪಿಆರ್‌ಗೆ ಹೋಗಿದ್ದು ನೂರು ರೂಪಾಯಿಗೆ ಐದು ಪೈಸೆ ಚಿಲ್ಲರೆ. ಈ ಐದು ಪೈಸೆಯ ಕೆಲಸ ಉಳಿದ 99 ರೂಪಾಯಿ 95 ಪೈಸೆ ಎಲ್ಲಿ, ಹೇಗೆ ಖರ್ಚಾಗಬೇಕು ಅಂತ ನಿರ್ಧರಿಸುತ್ತೆ. ಇಲ್ಲಿ ಕೇಳಬೇಕಾದ ಪ್ರಶ್ನೆ 'ಯಾಕೆ ಇಷ್ಟೊಂದು ಕೊಟ್ರಿ' ಅನ್ನೋದೊಂದೇ ಅಲ್ಲ. 'ಏನು ಕೆಲಸಕ್ಕೆ, ಯಾವ ಷರತ್ತಿಗೆ ಕೊಟ್ರಿ, ಬಂದ ವರದಿಯನ್ನ ನಿಮ್ಮ ಕಡೆಯಿಂದ ಓದಿದ್ದು ಯಾರು' ಅನ್ನೋದು. ಓದೋರು ಒಬ್ಬರಿದ್ದಿದ್ದರೆ ಮಾಲೇಗಾಂವ್ ಮೊದಲ ದಿನವೇ ಕಣ್ಣಿಗೆ ಬೀಳ್ತಿತ್ತಲ್ಲ.

ಈ ಬರಹ ಆ ಪ್ರಶ್ನೆಗಳ ಬಗ್ಗೆ. ರಸ್ತೆ ಯೋಜನೆಯಲ್ಲಿ ಕನ್ಸಲ್ಟೆಂಟ್ ಅನ್ನೋರು ಯಾರು, ಅವರಿಗೆ ದುಡ್ಡು ಹೇಗೆ ಹೋಗುತ್ತೆ, ಆ ದುಡ್ಡು ಎಲ್ಲಿ ಕೈಮೀರುತ್ತೆ, ಹಿಡಿತದಲ್ಲಿಡೋದು ಹೇಗೆ.

ಒಂದೇ ರಸ್ತೆಗೆ ಎಷ್ಟು ಕನ್ಸಲ್ಟೆಂಟ್?

ಕನ್ಸಲ್ಟೆಂಟ್ ಬೇರೆ, ಕಂಟ್ರಾಕ್ಟರ್ ಬೇರೆ. ಕಂಟ್ರಾಕ್ಟರ್ ಜಲ್ಲಿ, ಸಿಮೆಂಟು, ಡಾಂಬರು ಹಾಕಿ ರಸ್ತೆ ಕಟ್ಟೋರು. ಕನ್ಸಲ್ಟೆಂಟ್ ಮಾರೋದು ತಲೆ ಮತ್ತು ಸಮಯ.

ದೊಡ್ಡ ಯೋಜನೆಯಲ್ಲಿ ಇವರು ಒಬ್ಬರಲ್ಲ. ಮೊದಲು ಕಾರ್ಯಸಾಧ್ಯತಾ ವರದಿ ಬರೆಯೋರು ಬರ್ತಾರೆ. ಆಮೇಲೆ ಡಿಪಿಆರ್ ಮಾಡೋರು. ಖಾಸಗಿ ಹೂಡಿಕೆ ಇದ್ದರೆ ಟೆಂಡರ್ ದಾಖಲೆ, ಹಣಕಾಸು ಮಾದರಿ ತಯಾರಿಸೋಕೆ ಟ್ರಾನ್ಸಾಕ್ಷನ್ ಅಡ್ವೈಸರ್. ಸೇತುವೆ, ಸುರಂಗದ ವಿನ್ಯಾಸ ಸರಿಯಿದೆಯಾ ಅಂತ ಮರುಲೆಕ್ಕ ಹಾಕೋಕೆ ಪ್ರೂಫ್ ಚೆಕ್ ಮಾಡೋರು. ಬಹಳ ಸಲ ಇದು ಸರ್ಕಾರಿ ಎಂಜಿನಿಯರಿಂಗ್ ಸಂಸ್ಥೆಗಳ ಪ್ರಾಧ್ಯಾಪಕರ ಪಾಲಿಗೆ ಬರುತ್ತೆ. ಕೆಲಸ ಶುರುವಾದ ಮೇಲೆ ಉಸ್ತುವಾರಿಗೆ ಪಿಎಂಸಿ, ಅಂದ್ರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್. ಗುಣಮಟ್ಟ ಪರೀಕ್ಷೆಗೆ ಥರ್ಡ್ ಪಾರ್ಟಿ. ಒಬ್ಬೊಬ್ಬರದೂ ಬೇರೆ ಬೇರೆ ಒಪ್ಪಂದ, ಬೇರೆ ಬೇರೆ ಬಿಲ್ಲು. ಈ ಎಲ್ಲದರ ಮೊತ್ತ ಒಂದೇ ಸಾಲಿನಲ್ಲಿ ಜನರ ಕಣ್ಣಿಗೆ ಬೀಳೋದು ಅಪರೂಪ.

ಇಷ್ಟಕ್ಕೂ ಪಾಲಿಕೆಗೆ ಸ್ವಂತ ಎಂಜಿನಿಯರ್‌ಗಳಿಲ್ವಾ? ಇದ್ದಾರೆ. ಅವರಲ್ಲಿ ಅನೇಕರು ಲೋಕೋಪಯೋಗಿ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು, ವರ್ಗಾವಣೆ ಆದ ದಿನ ಹೊರಡೋರು. ಗುಂಡಿ, ಚರಂಡಿ, ಟೆಂಡರ್, ಬಿಲ್ಲು, ಕೋರ್ಟ್ ಕೇಸು ಎಲ್ಲ ಅವರ ತಲೆ ಮೇಲೇ. ಜೀವಮಾನದಲ್ಲಿ ಒಮ್ಮೆ ಬರೋ ಸುರಂಗಕ್ಕಾಗಿ ಸುರಂಗ ತಜ್ಞರನ್ನು ಕಾಯಂ ನೌಕರಿಗೆ ಇಟ್ಟುಕೊಳ್ಳಿ ಅಂತ ಯಾರೂ ಹೇಳಲ್ಲ. ಹಾಗಾಗಿ ಹೊರಗಿನ ಪರಿಣತಿ ಕೊಳ್ಳೋದು ತಪ್ಪಲ್ಲ. ಕೊಂಡಿದ್ದು ಸರಿಯಿದೆಯಾ ಅಂತ ಪರೀಕ್ಷಿಸೋ ಪರಿಣತಿಯೂ ಹೊರಗಿನಿಂದಲೇ ಬರಬೇಕು ಅನ್ನೋ ಹಂತಕ್ಕೆ ಬಂದಾಗ ಕಷ್ಟ ಶುರು.

ದುಡ್ಡು ಕೊಡೋಕೆ ಮೂರು ದಾರಿ, ಮೂರರಲ್ಲೂ ಹಳ್ಳ

ಮೊದಲನೇದು ಶೇಕಡಾವಾರು ಲೆಕ್ಕ. ಕಾಮಗಾರಿಯ ವೆಚ್ಚದಲ್ಲಿ ಇಂತಿಷ್ಟು ಪರ್ಸೆಂಟ್ ಶುಲ್ಕ. ಕೇಳೋಕೆ ಸರಳ. ಆದರೆ 100 ಕೋಟಿ ರಸ್ತೆಗೆ ಶೇ. 3ರ ಲೆಕ್ಕದಲ್ಲಿ 3 ಕೋಟಿ ಅಂದುಕೊಳ್ಳಿ. ಕಾಮಗಾರಿ 150 ಕೋಟಿಗೆ ಏರಿದರೆ ಶುಲ್ಕ ನಾಲ್ಕೂವರೆ ಕೋಟಿ. ವೆಚ್ಚ ಇಳಿಸೋ ಜಾಣ ವಿನ್ಯಾಸ ಕೊಟ್ಟ ಎಂಜಿನಿಯರ್‌ಗೆ ಸಿಗೋ ಬಹುಮಾನ ಏನು? ಅವರ ಫೀಸಿಗೇ ಕತ್ತರಿ. ಬಸ್ ಲೇನ್ ಸಾಕು, ಮೇಲ್ಸೇತುವೆ ಬೇಡ ಅಂತ ಬರೆಯೋಕೆ ಇಂಥ ಒಪ್ಪಂದದಲ್ಲಿ ದೊಡ್ಡ ಮನಸ್ಸು ಬೇಕು.

ಎರಡನೇದು ಇಡಿಗಂಟು, ಲಂಪ್‌ಸಮ್. ಏನೇ ಆಗಲಿ ಇಷ್ಟೇ ದುಡ್ಡು. ಪಾಲಿಕೆಗೆ ನೆಮ್ಮದಿ, ಬಜೆಟ್ ಗೊತ್ತಿರುತ್ತೆ. ಆದರೆ ಇಲ್ಲಿ ಕನ್ಸಲ್ಟೆಂಟ್‌ನ ಲಾಭ ಇರೋದು ಕಡಿಮೆ ಕೆಲಸ ಮಾಡೋದರಲ್ಲಿ. ಏಳು ದಿನ ವಾಹನ ಎಣಿಸೋ ಕಡೆ ಮೂರು ದಿನ, ಇಪ್ಪತ್ತು ಕಡೆ ಬೋರ್ ಕೊರೆದು ಮಣ್ಣು ನೋಡಬೇಕಾದಲ್ಲಿ ಐದು ಕಡೆ, ಉಳಿದಿದ್ದಕ್ಕೆ ಹಿಂದಿನ ಯೋಜನೆಯ ಫೈಲು ತೆಗೆದು ಹೆಸರು ಬದಲಾಯಿಸಿದರಾಯ್ತು. ಕೆಲವೊಮ್ಮೆ ಹೆಸರು ಬದಲಾಯಿಸೋದೂ ಮರೆತುಹೋಗುತ್ತೆ.

ಮೂರನೇದು ಮ್ಯಾನ್-ಮಂತ್. ಎಷ್ಟು ಜನ, ಎಷ್ಟು ತಿಂಗಳು, ಅಷ್ಟಕ್ಕೆ ಬಿಲ್. ಉಸ್ತುವಾರಿ ಕೆಲಸಕ್ಕೆ ಸಾಮಾನ್ಯವಾಗಿ ಇದೇ. ಇಲ್ಲಿ ಯೋಜನೆ ತಡವಾದಷ್ಟೂ ಮೀಟರ್ ಓಡ್ತಾ ಇರುತ್ತೆ. ಈಜಿಪುರ ಮೇಲ್ಸೇತುವೆ ನೆನಪಿಸಿಕೊಳ್ಳಿ: ಎರಡೂವರೆ ಕಿಲೋಮೀಟರ್, 2017ರಲ್ಲಿ ಶುರು, 2022ರಲ್ಲಿ ಗುತ್ತಿಗೆಯೇ ರದ್ದು, ಕಂಬಗಳು ಮಾತ್ರ ವರ್ಷಗಟ್ಟಲೆ ನಿಂತಿದ್ದವು. ಇಂಥ ಕಾಮಗಾರಿಯಲ್ಲಿ ತಿಂಗಳ ಲೆಕ್ಕದ ಒಪ್ಪಂದಕ್ಕೆ ಗರಿಷ್ಠ ಮಿತಿ ಇಲ್ಲದಿದ್ದರೆ, ಕೆಲಸ ನಿಂತ ತಿಂಗಳ ಬಿಲ್ಲೂ ಬಿಲ್ಲೇ.

ಸಂಕೀರ್ಣ ನಗರ ರಸ್ತೆಗೆ ಮೂರರಲ್ಲಿ ಒಂದನ್ನೇ ಆರಿಸಿಕೊಂಡು ಕೂತರೆ ಆಗಲ್ಲ. ಕೆಲಸವನ್ನ ತುಂಡು ಮಾಡಬೇಕು. ಸರ್ವೆ, ಬೋರ್ ಕೊರೆಯೋದು, ಭೂಗತ ಪೈಪು-ಕೇಬಲ್ ಪತ್ತೆ ಹಚ್ಚೋದು ಇವಕ್ಕೆಲ್ಲ ಅಳತೆ ಪ್ರಕಾರ ದುಡ್ಡು: ಒಂದು ಬೋರ್‌ಗೆ ಇಷ್ಟು, ಒಂದು ಕಿಲೋಮೀಟರ್ ಸ್ಕ್ಯಾನಿಂಗ್‌ಗೆ ಇಷ್ಟು. ಆಗ ಹೆಚ್ಚು ಪರೀಕ್ಷೆ ಮಾಡಿದವರಿಗೆ ನಷ್ಟ ಇಲ್ಲ. ಸ್ಪಷ್ಟವಾಗಿ ಗೊತ್ತಿರೋ ವಿನ್ಯಾಸ ಕೆಲಸಕ್ಕೆ ಇಡಿಗಂಟು. ಉಸ್ತುವಾರಿಗೆ ಮ್ಯಾನ್-ಮಂತ್, ಆದರೆ ಮೇಲ್ಮಿತಿ ಹಾಕಿ, ಆರಾರು ತಿಂಗಳಿಗೆ ಹೊಸ ವರ್ಕ್ ಆರ್ಡರ್ ಕೊಟ್ಟು. ಕೆಲಸ ನಿಂತಾಗ ತಂಡ ಚಿಕ್ಕದಾಗಬೇಕು ಅನ್ನೋ ಷರತ್ತೂ ಅದರಲ್ಲೇ ಇರಬೇಕು.

ಮಣ್ಣಿನ ಕೆಳಗೆ ಏನಿದೆ ಅನ್ನೋದಕ್ಕೆ ಇಷ್ಟು ಒತ್ತು ಯಾಕೆ? ಹಳೇ ನಗರದ ರಸ್ತೆ ಅಂದ್ರೆ ಒಂದು ಮುಚ್ಚಿದ ಪೆಟ್ಟಿಗೆ. ಜಲಮಂಡಳಿಯ ಪೈಪು, ಒಳಚರಂಡಿ, ಬೆಸ್ಕಾಂ ಕೇಬಲ್, ಯಾವ್ಯಾವುದೋ ಕಂಪನಿಯ ಫೈಬರ್, ಮಳೆನೀರು ಕಾಲುವೆ, ಯಾರ ನಕ್ಷೆಯಲ್ಲೂ ಇಲ್ಲದ ಇನ್ನೇನೋ. ಅಗೆದ ಮೇಲೆ ಅದು ಸಿಕ್ಕರೆ ವಿನ್ಯಾಸ ಬದಲು, ಎಕ್ಸ್‌ಟ್ರಾ ಐಟಮ್, ಕಂಟ್ರಾಕ್ಟರ್ ಕ್ಲೇಮು, ಪಿಎಂಸಿಗೆ ಇನ್ನೊಂದಷ್ಟು ತಿಂಗಳು. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳ ಬಗ್ಗೆ ನೂರು ತಕರಾರು ಇರಬಹುದು, ದುಬಾರಿ ಅನ್ನೋದೂ ಅದರಲ್ಲೊಂದು. ಆದರೆ ಟೆಂಡರ್ ಕರೆಯೋಕೆ ಮೊದಲೇ ಪೈಪು ಕೇಬಲ್‌ಗಳಿಗೆ ಜಾಗ ಗುರುತಿಸಿ, ವಿನ್ಯಾಸ ಮುಗಿಸಿ, ಆಮೇಲೆ ಬೆಲೆ ಕೇಳಬೇಕು ಅನ್ನೋ ಅದರ ತರ್ಕ ಸರಿಯಾದದ್ದು. ಸುರಂಗ ರಸ್ತೆಯಲ್ಲಿ ಆಗಿದ್ದು ಇದಕ್ಕೆ ವಿರುದ್ಧ. ಸರ್ಕಾರವೇ ನೇಮಿಸಿದ ತಜ್ಞರ ಸಮಿತಿ 2025ರಲ್ಲಿ ಡಿಪಿಆರ್ ನೋಡಿ, ಭೂಗರ್ಭ ಪರೀಕ್ಷೆ ಸಾಲದು ಅಂತ ಹೇಳಿತು. ಅಷ್ಟೊತ್ತಿಗೆ ಟೆಂಡರ್ ಕರೆದಾಗಿತ್ತು. ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರೋ ಊರಲ್ಲಿ, ನೆಲದ ಕೆಳಗೆ ಕಲ್ಲು ಹೇಗಿದೆ ಅನ್ನೋದು ಕೊನೆಗೆ ನೋಡೋ ವಿಷಯವಾಗಿತ್ತು.

ಕಡಿಮೆ ಬೆಲೆಗೆ ಸಿಕ್ಕ ತಲೆ

ಆಯ್ಕೆ ಮಾಡೋ ವಿಧಾನದಲ್ಲೂ ರಾಜಕೀಯ ಇದೆ. ಯಾರು ಕಡಿಮೆ ಬೆಲೆ ಹೇಳ್ತಾರೋ ಅವರಿಗೇ ಕೆಲಸ ಅನ್ನೋದು ಎಲ್-1. ಆಡಿಟ್‌ನಲ್ಲಿ ಯಾರೂ ಪ್ರಶ್ನೆ ಕೇಳಲ್ಲ, ಹಾಗಾಗಿ ಅಧಿಕಾರಿಗಳಿಗೆ ಇಷ್ಟ. ಇನ್ನೊಂದು ಕ್ಯೂಸಿಬಿಎಸ್: ಗುಣಮಟ್ಟಕ್ಕೆ ಇಷ್ಟು ಅಂಕ, ಬೆಲೆಗೆ ಇಷ್ಟು ಅಂಕ, ಎರಡನ್ನೂ ಕೂಡಿಸಿ ಆಯ್ಕೆ. ಕಾಗದದ ಮೇಲೆ ಇದು ಉತ್ತಮ. ಆದರೆ ಗುಣಮಟ್ಟದ ಅಂಕ ಹಾಕೋ ಸಮಿತಿಯ ಕೈಯಲ್ಲಿ ದೊಡ್ಡ ಅಧಿಕಾರ ಇರುತ್ತೆ, ಅಂಕಪಟ್ಟಿ ಹೊರಗೆ ಬರದಿದ್ದರೆ ಬೇಕಾದವರಿಗೆ ಕೊಡೋ ದಾರಿಯೂ ಆಗುತ್ತೆ. ಅಮೆರಿಕದ ಕೇಂದ್ರ ಸರ್ಕಾರ 1972ರ ಬ್ರೂಕ್ಸ್ ಕಾಯ್ದೆಯಿಂದ ಬೇರೆ ದಾರಿ ಹಿಡಿದಿದೆ. ಮೊದಲು ಅರ್ಹತೆ ಮೇಲೆ ಸಂಸ್ಥೆ ಆರಿಸಿ, ಆಮೇಲೆ ಕೂತು ಬೆಲೆ ಚೌಕಾಸಿ ಮಾಡೋದು. ಚೌಕಾಸಿ ಮಾಡೋಕೆ ಆ ಕೆಲಸಕ್ಕೆ ಎಷ್ಟು ಗಂಟೆ ಬೇಕು ಅಂತ ಗೊತ್ತಿರೋ ಸ್ವಂತ ಎಂಜಿನಿಯರ್ ಬೇಕು. ತಿರುಗಾಮುರುಗಾ ಅಲ್ಲಿಗೇ ಬಂದು ನಿಲ್ತೀವಿ.

ನಮ್ಮಲ್ಲಿ ಇನ್ನೊಂದು ಪುಟ್ಟ ಬಾಗಿಲಿದೆ. ಕರ್ನಾಟಕದ ಕೆಟಿಪಿಪಿ ಕಾಯ್ದೆ, 1999ರ ಸೆಕ್ಷನ್ 4(ಜಿ) ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್‌ನಿಂದಲೇ ವಿನಾಯಿತಿ ಕೊಡಬಹುದು. ಕನ್ಸಲ್ಟೆಂಟ್ ನೇಮಕ ಎಲ್ಲಿ ಟೆಂಡರ್ ಇಲ್ಲದೆ ಆಗಿದೆ ಅಂತ ಹುಡುಕೋರು ಮೊದಲು ನೋಡಬೇಕಾದ್ದು ಈ ಅಧಿಸೂಚನೆಗಳನ್ನ.

ಬಾಸ್ಟನ್: ದುಡ್ಡು ಕೊಟ್ಟರೂ ಕೆಡಬಹುದು

ಹಾಗಾದ್ರೆ ಜಾಸ್ತಿ ದುಡ್ಡು ಕೊಟ್ಟು, ಜಗತ್ತಿನ ದೊಡ್ಡ ಸಂಸ್ಥೆಗಳನ್ನೇ ಕರೆಸಿದರೆ ಸರಿಹೋಗುತ್ತಾ? ಅಮೆರಿಕದ ಬಾಸ್ಟನ್ ನಗರ ಮಾಡಿದ್ದು ಅದನ್ನೇ.

ಊರಿನ ಮಧ್ಯೆ 1959ರಲ್ಲಿ ಮುಗಿದಿದ್ದ ಆರು ಲೇನಿನ ಎತ್ತರಿಸಿದ ಹೆದ್ದಾರಿ ಇತ್ತು. ಅದನ್ನ ಕೆಡವಿ ನೆಲದಡಿಗೆ ಇಳಿಸಿ, ವಿಮಾನ ನಿಲ್ದಾಣಕ್ಕೆ ಇನ್ನೊಂದು ಸುರಂಗ ಕೊರೆಯೋ ಯೋಜನೆಗೆ ಜನ ಇಟ್ಟ ಹೆಸರು 'ಬಿಗ್ ಡಿಗ್'. 1980ರ ದಶಕದ ಅಂದಾಜು, 1982ರ ಬೆಲೆಯಲ್ಲಿ, 280 ಕೋಟಿ ಡಾಲರ್. ಕೊನೆಗೆ ಆಗಿದ್ದು ಸುಮಾರು 1,480 ಕೋಟಿ ಡಾಲರ್. ಹಣದುಬ್ಬರ ಕಳೆದರೂ ದುಪ್ಪಟ್ಟಿಗಿಂತ ಹೆಚ್ಚು.

1985ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ, ಬೆಕ್ಟೆಲ್ ಮತ್ತು ಪಾರ್ಸನ್ಸ್ ಬ್ರಿಂಕರ್‌ಹಾಫ್ ಅನ್ನೋ ಎರಡು ದೈತ್ಯ ಕಂಪನಿಗಳ ಜಂಟಿ ಕೂಟವನ್ನ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಆಗಿ ನೇಮಿಸಿಕೊಂಡಿತು. ರಾಜ್ಯಕ್ಕೆ ಇಷ್ಟು ದೊಡ್ಡ ಕೆಲಸ ನಡೆಸೋ ಸಿಬ್ಬಂದಿ ಇರಲಿಲ್ಲ. ಈ ಕೂಟ ಪ್ರಾಥಮಿಕ ವಿನ್ಯಾಸ ಮಾಡ್ತು. ಅದರ ಆಧಾರದ ಮೇಲೆ ವಿವರ ವಿನ್ಯಾಸ ಮಾಡಿದ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳ ಮೇಲೆ ಕಣ್ಣಿಟ್ಟಿದ್ದೂ ಇದೇ ಕೂಟ. ಕಂಟ್ರಾಕ್ಟರ್‌ಗಳ ಉಸ್ತುವಾರಿ, ವೆಚ್ಚದ ಲೆಕ್ಕ, ಹೆಚ್ಚುವರಿ ಕ್ಲೇಮುಗಳ ಪರಿಶೀಲನೆ, ಎಲ್ಲ ಇವರದೇ. ಕೊನೆಗೆ ಇವರ ಕೈ ಸೇರಿದ್ದು 200 ಕೋಟಿ ಡಾಲರ್‌ಗೂ ಹೆಚ್ಚು, ಅಂದ್ರೆ ನೂರಕ್ಕೆ ಹದಿಮೂರು ಹದಿನಾಲ್ಕು. ಬೆಂಗಳೂರಿನ ಐದು ಪೈಸೆಗೂ ಇದಕ್ಕೂ ನೇರ ಹೋಲಿಕೆ ಸಲ್ಲ. ಅದು ಬರೀ ಡಿಪಿಆರ್, ಇದು ಎರಡು ದಶಕದ ಇಡೀ ಉಸ್ತುವಾರಿ.

ಗಮನಿಸಿ: ಪ್ರಾಥಮಿಕ ನಕ್ಷೆಯಲ್ಲಿ ತಪ್ಪಿದ್ದರೆ ಕಂಟ್ರಾಕ್ಟರ್ ಹೆಚ್ಚು ದುಡ್ಡು ಕೇಳ್ತಾನೆ. ಆ ತಪ್ಪು ಯಾರದು ಅಂತ ಬರೆಯಬೇಕಾದ ಮೇಜಿನ ಹಿಂದೆ ಕೂತಿದ್ದು ನಕ್ಷೆ ಬರೆದವರೇ. 'ಬಾಸ್ಟನ್ ಗ್ಲೋಬ್' ಪತ್ರಿಕೆ 2003ರಲ್ಲಿ ಸರಣಿ ತನಿಖಾ ವರದಿ ಮಾಡಿತು. ಅದರಲ್ಲಿದ್ದ ಒಂದು ಉದಾಹರಣೆ: ನಗರದ ದೊಡ್ಡ ಕ್ರೀಡಾಂಗಣ ಫ್ಲೀಟ್ ಸೆಂಟರ್ ನಕ್ಷೆಯಲ್ಲೇ ಇರಲಿಲ್ಲ, ಆ ಜಾಗ ಖಾಲಿ ಅಂತ ತೋರಿಸಿತ್ತು. ತಿದ್ದಿಕೊಳ್ಳೋಕೆ ಸುಮಾರು 10 ಲಕ್ಷ ಡಾಲರ್ ಹೋಯ್ತು, ಸಾರ್ವಜನಿಕರ ದುಡ್ಡಿಂದ. ತಪ್ಪು ಮಾಡಿದವರಿಂದ ಹಣ ವಾಪಸ್ ಪಡೆಯೋ ವ್ಯವಸ್ಥೆ ಹೆಸರಿಗೆ ಇತ್ತು, ವರ್ಷಗಟ್ಟಲೆ ಅದು ವಸೂಲಿ ಮಾಡಿದ್ದು ಲೆಕ್ಕಕ್ಕೆ ಬಾರದಷ್ಟು.

1998ರಲ್ಲಿ ಇನ್ನೊಂದು ಹೆಜ್ಜೆ. ಒಂದೇ ಕೆಲಸಕ್ಕೆ ಸರ್ಕಾರದವರೂ ಕನ್ಸಲ್ಟೆಂಟ್‌ನವರೂ ಇಬ್ಬಿಬ್ಬರು ಯಾಕೆ ಅಂತ, ಇಬ್ಬರ ಸಿಬ್ಬಂದಿಯನ್ನೂ ಸೇರಿಸಿ ಒಂದೇ ಸಂಘಟನೆ ಮಾಡಿದರು. ಖರ್ಚು ಉಳಿಸೋ ಲೆಕ್ಕಾಚಾರ ಅದು. ಸಂಬಳ ಒಂದಿಷ್ಟು ಉಳಿದಿರಬಹುದು. ಆದರೆ ಮಾಲೀಕ ಯಾರು, ಕೆಲಸಕ್ಕೆ ಬಂದವರು ಯಾರು ಅನ್ನೋ ಗೆರೆಯೇ ಅಳಿಸಿಹೋಯ್ತು. ಬೇಲಿಯನ್ನೂ ಹೊಲವನ್ನೂ ಒಂದು ಮಾಡಿದ ಮೇಲೆ ಯಾರು ಯಾರನ್ನ ಕಾಯೋದು?

ಎಲ್ಲಾ ತಪ್ಪನ್ನೂ ಕನ್ಸಲ್ಟೆಂಟ್ ತಲೆಗೆ ಕಟ್ಟೋದೂ ಸುಳ್ಳಾಗುತ್ತೆ. ರಾಜ್ಯದ ಇನ್‌ಸ್ಪೆಕ್ಟರ್ ಜನರಲ್ 2001ರಲ್ಲಿ ಕೊಟ್ಟ ವರದಿಯ ಪ್ರಕಾರ, ವೆಚ್ಚ ಸುಮಾರು 1,380 ಕೋಟಿ ಡಾಲರ್ ಮುಟ್ಟುತ್ತೆ ಅಂತ ಕನ್ಸಲ್ಟೆಂಟ್‌ಗಳು 1994ರಲ್ಲೇ ಅಧಿಕಾರಿಗಳಿಗೆ ಹೇಳಿದ್ದರು. ಅಧಿಕಾರಿಗಳು ಹೊರಗಡೆ ಹೇಳ್ತಾ ಇದ್ದಿದ್ದು ಸುಮಾರು 800 ಕೋಟಿ. ನಿಜ ಸಂಖ್ಯೆ ಹೇಳಿದ ಕನ್ಸಲ್ಟೆಂಟ್‌ಗೆ, ಗಿರಾಕಿ ಬೇಡ ಅಂದಾಗ ಬಾಯಿ ಮುಚ್ಚಿಕೊಂಡಿರೋದೇ ವ್ಯವಹಾರ. 2000ದ ಫೆಬ್ರವರಿಯಲ್ಲಿ ಒಮ್ಮೆಗೇ 140 ಕೋಟಿ ಡಾಲರ್ ಕೊರತೆ ಅಂತ ಘೋಷಣೆ ಆಯ್ತು. ಕೆಲವೇ ವಾರದಲ್ಲಿ ಯೋಜನೆಯ ಮುಖ್ಯಸ್ಥ ಜೇಮ್ಸ್ ಕೆರಸಿಯೋಟಿಸ್ ಹುದ್ದೆ ಬಿಡಬೇಕಾಯ್ತು.

ದುಡ್ಡಿನದಷ್ಟೇ ಆಗಿದ್ದರೆ ಇದೊಂದು ಆಡಿಟ್ ಕತೆ. 2006ರ ಜುಲೈ 10ರ ರಾತ್ರಿ ಸುರಂಗದ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರೊಂದರ ಮೇಲೆ ಕುಸಿದು ಮಹಿಳೆಯೊಬ್ಬರು ಸತ್ತರು. ಹಲಗೆಗಳನ್ನು ಹಿಡಿದಿದ್ದ ಬೋಲ್ಟುಗಳಿಗೆ ಬಳಸಿದ ಅಂಟು ಸತತ ಭಾರಕ್ಕೆ ನಿಧಾನವಾಗಿ ಜಾರುವಂಥದ್ದು ಅಂತ ಕೇಂದ್ರದ ತನಿಖೆ ಹೇಳಿತು. ಅಂಟು ಕೊಟ್ಟವರು, ಹಾಕಿದವರು, ವಿನ್ಯಾಸ ಮಾಡಿದವರು, ಉಸ್ತುವಾರಿ ನೋಡಿದವರು, ಕೊನೆಗೆ ತಪಾಸಣೆ ಮಾಡಬೇಕಿದ್ದ ಸಂಸ್ಥೆ, ಎಲ್ಲರ ಕೈಯಿಂದಲೂ ಅದು ದಾಟಿ ಬಂದಿತ್ತು. 2008ರ ಜನವರಿಯಲ್ಲಿ ರಾಜಿ ಆಯ್ತು: ಒಟ್ಟು 45.8 ಕೋಟಿ ಡಾಲರ್, ಅದರಲ್ಲಿ 40.7 ಕೋಟಿ ಆ ಜಂಟಿ ಕೂಟದಿಂದ, ಉಳಿದದ್ದು ವಿನ್ಯಾಸ ಸಂಸ್ಥೆಗಳಿಂದ. ಪಡೆದ ಶುಲ್ಕದ ಐದನೇ ಒಂದು ಭಾಗದಷ್ಟು, ನೇಮಕವಾಗಿ ಇಪ್ಪತ್ತಮೂರು ವರ್ಷದ ನಂತರ, ಒಂದು ಸಾವಿನ ಬಳಿಕ.

ಒಪ್ಪಂದದಲ್ಲಿ ಇರಬೇಕಾದ್ದು

ಬಾಸ್ಟನ್ನಿನ ಅನುಭವವನ್ನ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಒಪ್ಪಂದಗಳ ಭಾಷೆಗೆ ಇಳಿಸಿದರೆ ನನಗೆ ಮುಖ್ಯ ಅನ್ನಿಸೋದು ಇವು. ವಿನ್ಯಾಸ ಮಾಡಿದ ಸಂಸ್ಥೆಗೇ ಉಸ್ತುವಾರಿ ಕೊಡಬಾರದು, ಅದರ ಸೋದರ ಕಂಪನಿಗೂ ಕೊಡಬಾರದು. ಪ್ರೂಫ್ ಚೆಕ್ ಮಾಡೋರನ್ನ ಪಾಲಿಕೆಯೇ ನೇಮಿಸಿ ಪಾಲಿಕೆಯೇ ದುಡ್ಡು ಕೊಡಬೇಕು, ವಿನ್ಯಾಸ ಸಂಸ್ಥೆಯ ಮೂಲಕ ಅಲ್ಲ. ಪ್ರತಿ ಹೆಚ್ಚುವರಿ ವೆಚ್ಚದ ಜೊತೆ ಕಾರಣ ದಾಖಲಾಗಬೇಕು: ವಿನ್ಯಾಸದ ತಪ್ಪಾ, ನೆಲದಡಿ ಅನಿರೀಕ್ಷಿತವಾಗಿ ಸಿಕ್ಕಿದ್ದಾ, ಮಂತ್ರಿಗಳ ಭೇಟಿಯ ನಂತರ ಬಂದ ಹೊಸ ಆಸೆಯಾ? ಈ ಮೂರನೇ ಬಗೆಯ ವೆಚ್ಚವನ್ನ ಕನ್ಸಲ್ಟೆಂಟ್ ಮೇಲೆ ಹಾಕೋಕಾಗಲ್ಲ, ಹಾಕಲೂಬಾರದು. ಮೊದಲನೆಯದಕ್ಕೆ ಮಾತ್ರ ವಸೂಲಿ ನೋಟಿಸ್ ತಿಂಗಳೊಳಗೆ ಹೋಗಬೇಕು, ಯೋಜನೆ ಮುಗಿದ ಮೇಲೆ ನೋಡೋಣ ಅಂತ ಬಿಡಬಾರದು. ಅದಕ್ಕೆ ವೃತ್ತಿ ಹೊಣೆಗಾರಿಕೆ ವಿಮೆ ಇರಬೇಕು. ಶುಲ್ಕಕ್ಕಿಂತ ಹೊಣೆ ಮೀರಬಾರದು ಅನ್ನೋ ಷರತ್ತು ಒಪ್ಪಂದದಲ್ಲಿ ಇದ್ದರೆ, ಒಂಬತ್ತೂವರೆ ಕೋಟಿಯ ವರದಿ ಸಾವಿರ ಕೋಟಿ ನಷ್ಟ ಮಾಡಿದರೂ ಸಿಗೋದು ಒಂಬತ್ತೂವರೆ ಕೋಟಿಯೇ.

ಸಿವಿಗಳ ಆಟ ಇನ್ನೊಂದು. ಟೆಂಡರ್‌ನಲ್ಲಿ ಮೂವತ್ತು ವರ್ಷ ಅನುಭವದ ಸುರಂಗ ತಜ್ಞರ ಸಿವಿ ಇಟ್ಟು ಅಂಕ ಗಳಿಸ್ತಾರೆ, ಸೈಟಿಗೆ ಬರೋದು ಮೊನ್ನೆ ಮೊನ್ನೆ ಪಾಸಾದ ಹುಡುಗ. ಅವನ ತಪ್ಪೇನೂ ಇಲ್ಲ, ಪಾಪ. ಹೆಸರಿಸಿದ ತಜ್ಞರು ಬದಲಾದರೆ ದರವೂ ಇಳಿಯಬೇಕು, ಹಾಜರಿ ಸಾರ್ವಜನಿಕವಾಗಿರಬೇಕು.

ಇದೆಲ್ಲ ಜಾರಿ ಮಾಡೋಕೆ ಪಾಲಿಕೆಯ ಒಳಗೆ ಎಂಟು ಹತ್ತು ಜನರ ಕಾಯಂ ತಂಡ ಸಾಕು. ಯೋಜನೆ ಮುಗಿಯೋವರೆಗೂ ವರ್ಗಾವಣೆ ಇಲ್ಲದ, ನಕ್ಷೆ ಓದಬಲ್ಲ, ಬಿಲ್ಲಿಗೆ ಇಲ್ಲ ಅನ್ನಬಲ್ಲ ಎಂಜಿನಿಯರ್‌ಗಳು. ಅವರ ಸಂಬಳ 17,700 ಕೋಟಿಯಲ್ಲಿ ಎಷ್ಟಾದೀತು ಅಂತ ನೀವೇ ಭಾಗಿಸಿ ನೋಡಿ. ಆದರೆ ಅದು ಆಗಲ್ಲ, ಯಾಕಂದ್ರೆ ಹುದ್ದೆ ಸೃಷ್ಟಿಗೆ ಹಣಕಾಸು ಇಲಾಖೆ ಒಪ್ಪಬೇಕು, ಕನ್ಸಲ್ಟೆಂಟ್ ನೇಮಕಕ್ಕೆ ಯೋಜನೆಯ ಬಜೆಟ್ಟಿನಲ್ಲೇ ಜಾಗ ಇರುತ್ತೆ.

ನೀವು ಏನು ಕೇಳಬಹುದು?

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಬೇಡ ಅಂತ ಬೆಂಗಳೂರಿನ ಜನ ಸಾಲಾಗಿ ರಸ್ತೆಯಲ್ಲಿ ನಿಂತಿದ್ದರು. 1,791 ಕೋಟಿಯ ಆ ಯೋಜನೆಯನ್ನ 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಬೀದಿಗಿಳಿಯೋದು ಒಂದು ದಾರಿ. ಅದಕ್ಕೂ ಮೊದಲು ಮಾಡಬಹುದಾದ ಕೆಲಸ ಮಾಹಿತಿ ಹಕ್ಕಿನ ಹತ್ತು ರೂಪಾಯಿ ಅರ್ಜಿಯಲ್ಲಿದೆ.

'ಕನ್ಸಲ್ಟೆಂಟ್‌ಗೆ ಎಷ್ಟು ಕೊಟ್ಟಿರಿ' ಅಂತ ಕೇಳಿದರೆ ಒಂದು ಅಂಕಿ ಬರುತ್ತೆ, ಅದರಿಂದ ಹೆಚ್ಚೇನೂ ತಿಳಿಯಲ್ಲ. ದಾಖಲೆಗಳ ಹೆಸರು ಹಿಡಿದು ಕೇಳಿ. ಟೆಂಡರ್‌ಗೆ ಲಗತ್ತಾದ ಟರ್ಮ್ಸ್ ಆಫ್ ರೆಫರೆನ್ಸ್, ಸಹಿಯಾದ ಒಪ್ಪಂದ, ಅದರಲ್ಲಿರೋ ಪಾವತಿ ಹಂತಗಳ ಪಟ್ಟಿ. ತಾಂತ್ರಿಕ ಮೌಲ್ಯಮಾಪನದ ಅಂಕಪಟ್ಟಿ. ಪಿಎಂಸಿ ಸಿಬ್ಬಂದಿಯ ತಿಂಗಳವಾರು ಹಾಜರಿ. ಬೋರ್‌ಗಳ ಸಂಖ್ಯೆ, ಜಾಗ, ಆಳ ಇರುವ ಬೋರ್ ಲಾಗ್. ವಾಹನ ಎಣಿಕೆಯ ಮೂಲ ಹಾಳೆಗಳು, ಎಣಿಸಿದ ದಿನಾಂಕ ಮತ್ತು ಜಂಕ್ಷನ್ ಹೆಸರು ಸಮೇತ. ವೇರಿಯೇಷನ್ ಸ್ಟೇಟ್‌ಮೆಂಟ್. ಪ್ರೂಫ್ ಚೆಕ್ ಮಾಡಿದವರು ಎತ್ತಿದ ಆಕ್ಷೇಪಗಳು, ಅವಕ್ಕೆ ಬಂದ ಉತ್ತರಗಳು. ವಾಣಿಜ್ಯ ರಹಸ್ಯ ಅಂತ ಅರ್ಜಿ ತಳ್ಳಿದರೆ ಮೇಲ್ಮನವಿ ಹಾಕಿ; ಸಾರ್ವಜನಿಕ ದುಡ್ಡಲ್ಲಿ ಎಣಿಸಿದ ವಾಹನಗಳ ಸಂಖ್ಯೆ ಯಾರ ವ್ಯಾಪಾರದ ಗುಟ್ಟೂ ಅಲ್ಲ. ಟೆಂಡರ್ ದಾಖಲೆಗಳು ರಾಜ್ಯದ ಸಂಗ್ರಹಣಾ ಪೋರ್ಟಲ್ ಕೆಪಿಪಿಪಿಯಲ್ಲಿ ಸಿಗುತ್ತವೆ, ಅವಧಿ ಮುಗಿಯೋ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳೋದು ಒಳ್ಳೇದು.

ಅರ್ಜಿಯ ಕೊನೆಯಲ್ಲಿ ಇದೊಂದು ಸಾಲು ಸೇರಿಸಿ: ಈ ವರದಿಯನ್ನು ಪಾಲಿಕೆಯ ಪರವಾಗಿ ಪರಿಶೀಲಿಸಿ ಅಂಗೀಕರಿಸಿದ ಅಧಿಕಾರಿಯ ಹುದ್ದೆ, ಪರಿಶೀಲನಾ ಟಿಪ್ಪಣಿ ಮತ್ತು ದಿನಾಂಕ ಕೊಡಿ.